ಹಸಿರು ದೀಪವನ್ನು ನಂಬಬೇಡಿ: ಕಾಕ್ಲಿಯರ್ ಪ್ರೊಸೆಸರ್ ಜೊತೆ ಆರು ವರ್ಷ

ಮಗನಿಗೆ ಕಿವಿ ಕೇಳುತ್ತಿರಲಿಲ್ಲ. 2 ವರ್ಷ ಇದ್ದಾಗ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಯಿತು, ಈಗ 8. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಹಾಕಿಸಿಕೊಂಡವರು ನಾವು. ತಲೆಯೊಳಗಿನ ಇಂಪ್ಲಾಂಟ್ ಬಗ್ಗೆ ತಕರಾರಿಲ್ಲ. ನನ್ನ ಜಗಳ ಏನಿದ್ದರೂ ಕಿವಿ ಮೇಲೆ ಕೂತು ಸದ್ದು ಹಿಡಿದು ಇಂಪ್ಲಾಂಟಿಗೆ ಕಳಿಸುವ ಪ್ರೊಸೆಸರ್ ಜೊತೆ, 'ಎಲ್ಲಾ ಸರಿ ಇದೆ' ಅನ್ನುವ ಅದರ ಹಸಿರು ದೀಪದ ಜೊತೆ.

ಬೆಳಿಗ್ಗೆ ಹಾಲು ಒಲೆ ಮೇಲಿಡುವ ಮೊದಲೇ ನಮ್ಮದೊಂದು ಆಟ. ತೇವ ಹೀರುವ ಡಬ್ಬಿಯಿಂದ ಪ್ರೊಸೆಸರ್ ತೆಗೆದು ಕಿವಿಗೆ ಸಿಕ್ಕಿಸುತ್ತೇನೆ. ಅದರ ವೈರಿನ ತುದಿಯ ಕಾಯಿಲ್, ಅಂದರೆ ಆಯಸ್ಕಾಂತ ಇರುವ ಪುಟ್ಟ ಬಿಲ್ಲೆ, ಟಕ್ ಅಂತ ತಲೆಗೆ ಅಂಟುತ್ತದೆ. ಅವನ ಬೆನ್ನ ಹಿಂದೆ ನಿಂತು ಆ, ಊ, ಈ, ಮ್, ಶ್, ಸ್ ಅನ್ನುತ್ತೇನೆ. ಅವನು ತಿರುಗಿ ಹೇಳಬೇಕು. ಆರೂ ಸರಿಯಾದರೆ ಆರು ಒಣದ್ರಾಕ್ಷಿ.

ಹೋದ ವರ್ಷ ಇದನ್ನು ಬಿಟ್ಟಿದ್ದೆವು. ದೀಪ ಹಸಿರಾಗಿ ಮಿನುಗುತ್ತಿತ್ತಲ್ಲ, ಸುಮ್ನೆ ಯಾಕೆ ಅಂತ. ಸ್ವಲ್ಪ ದಿನಕ್ಕೆ ಶಾಲೆಯಿಂದ ದೂರು: ಗಮನ ಕೊಡಲ್ಲ, ಲೆಕ್ಕ ತಪ್ಪು. ಸಂಜೆ ಬ್ಯಾಗ್ ಎಸೆದು ಅಳುತ್ತಿದ್ದ. ನಾನೂ ಬೈದೆ. ಒಂದು ದಿನ 'ಕೊನೇ ಸಾಲು ಓದು' ಅಂದರೆ, 'ಹಾಲು ಬೇಡ' ಅಂದ. ಆಗ ಅನುಮಾನ ಬಂತು. ಆಟ ಆಡಿಸಿದೆ. ಐದೇ ದ್ರಾಕ್ಷಿ. 'ಸ್' ಹೋಗಿತ್ತು!

ಮೈಕಿನ ಪುಟ್ಟ ಮುಚ್ಚಳದಲ್ಲಿ ಬೆವರು, ಧೂಳು ಕಟ್ಟಿತ್ತು, ಅಷ್ಟೇ. ದೀಪ ಮಾತ್ರ ಹಸಿರು. ವಾರಂಟಿ ಮುಗಿದಿದ್ದರಿಂದ ಹೊಸ ಮುಚ್ಚಳಕ್ಕೆ ದುಡ್ಡು ನಮ್ಮದೇ. ಸರ್ವಿಸ್‌ನವರು ಹತ್ತು ದಿನ ಕಾಯಿಸಿದ್ದು ಬೇರೆ.

ಚೆನ್ನಾಗಿ ಕೇಳುವ ಕಿವಿಯ ಒಳಗೆ ಸದ್ದನ್ನು ನರಕ್ಕೆ ದಾಟಿಸುವ ಕೂದಲ ಕೋಶಗಳು ಸುಮಾರು 3,500. ಇವನಿಗೆ ಆ ಕೆಲಸ ಮಾಡುವುದು ಇಂಪ್ಲಾಂಟಿನ 22 ಎಲೆಕ್ಟ್ರೋಡ್, ಅಂದರೆ ನರಕ್ಕೆ ಕರೆಂಟ್ ಮುಟ್ಟಿಸುವ ಬಿಂದುಗಳು. ಉಳಿದದ್ದನ್ನು ಮಗುವೇ ಊಹಿಸಿ ತುಂಬಿಕೊಳ್ಳಬೇಕು. ಮಾತು ಹಿಡಿಯುವುದಕ್ಕೇ ತಲೆ ಅಷ್ಟು ದುಡಿದರೆ ಲೆಕ್ಕ ಎಲ್ಲಿ ನಿಲ್ಲಬೇಕು? ತರಗತಿಯಲ್ಲಿ ಫ್ಯಾನು, ಬೆಂಚು ಎಳೆಯುವ ಸದ್ದು ಬೇರೆ. ಅದರ ಮೇಲೆ ಮೈಕೂ ಮಂಕು. ನಾನು ಬೈದಿದ್ದು ಈಗಲೂ ಚುಚ್ಚುತ್ತದೆ.

ಬೇರೆ ಕಂಪನಿಯದ್ದು ತಗೊಳ್ಳಬೇಕಿತ್ತಾ ಅಂದರೆ, ಇಲ್ಲ. ಈ ಪ್ರೊಸೆಸರ್ ಹಾಕಿಕೊಂಡೇ ಅಜ್ಜಿಯ ಜೊತೆ ಫೋನಲ್ಲಿ ಜಗಳ ಆಡುತ್ತಾನೆ. ಆದರೆ ಆರು ಸದ್ದಿನ ಆಟ ಒಂದು ದಿನವೂ ಬಿಡಬೇಡಿ.

ಈಗ ಶಾಲೆಯಿಂದ ಬಂದವನೇ ಕಾಯಿಲ್ ಕಿತ್ತಿಟ್ಟು ಅರ್ಧ ಗಂಟೆ ಬಸ್ಸಿನ ಚಿತ್ರ ಬರೆಯುತ್ತಾನೆ. ನಾವು ಯಾರೂ ಮಾತಾಡಿಸುವುದಿಲ್ಲ. ರಾತ್ರಿ ಚಟ್ನಿಗೆ ಮಿಕ್ಸಿ ಹಾಕುವುದಿದ್ದರೆ ಅಷ್ಟರೊಳಗೆ ಹಾಕಿ ಮುಗಿಸುತ್ತೇನೆ.