ಎರಡು ಬ್ಯಾಂಡ್ ಜೋಡಿಸುವ 4ಜಿ ರೂಟರ್: ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ದೀರ್ಘಕಾಲ ಬಳಸಿದ ಅನುಭವ

ಇದು ಮಾಡಿನ ಮೇಲೆ ಕಂಬಕ್ಕೆ ಕಟ್ಟುವ, ಕ್ಯಾಟಗರಿ 6 ದರ್ಜೆಯ (ಈ ಅಂಕಿ ವೇಗದ ಸಾಮರ್ಥ್ಯವನ್ನು ಸೂಚಿಸುತ್ತದೆ) 4ಜಿ ರೂಟರ್. ಆಗುಂಬೆ ರಸ್ತೆಯಿಂದ ಸಾಕಷ್ಟು ಒಳಗಿರುವ ನಮ್ಮ ಮನೆಗೆ ಫೈಬರ್ ಬಂದಿಲ್ಲವಾದ್ದರಿಂದ, ಹಲವು ಮಳೆಗಾಲಗಳಿಂದ ಮನೆಯ ಇಂಟರ್ನೆಟ್ಟೆಲ್ಲ ಇದರ ಮೇಲೆಯೇ ನಡೆದಿದೆ. ಮೊದಲಿದ್ದ ಕ್ಯಾಟಗರಿ 4 ರೂಟರ್ ಒಮ್ಮೆಗೆ ಒಂದೇ ಬ್ಯಾಂಡನ್ನು, ಅಂದರೆ ಒಂದೇ ಆವರ್ತನ ಪಟ್ಟಿಯನ್ನು ಬಳಸುತ್ತಿತ್ತು; ಇದು ಎರಡನ್ನು ಜೋಡಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ 300 ಎಂಬಿಪಿಎಸ್ ಎಂದು ಮುದ್ರಿಸಿರುವುದು ತಲಾ 20 ಮೆಗಾಹರ್ಟ್ಸ್ ಅಗಲದ ಎರಡು ಕ್ಯಾರಿಯರ್‌ಗಳು (ಬ್ಯಾಂಡಿನೊಳಗೆ ಟವರ್ ಬಳಸುವ ಆವರ್ತನದ ಹರವು) ಪೂರ್ತಿಯಾಗಿ ಒಬ್ಬನಿಗೇ ಸಿಕ್ಕಾಗಿನ ಲೆಕ್ಕ. ಮಲೆನಾಡಿನಲ್ಲಿ ಆ ಅಂಕಿಯನ್ನು ಮರೆತುಬಿಡುವುದು ಒಳ್ಳೆಯದು.

ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಎರಡನೆಯ ಬ್ಯಾಂಡನ್ನು ಕೊಡುವುದೂ ಬಿಡುವುದೂ ರೂಟರ್‌ನ ಕೈಯಲ್ಲಿಲ್ಲ. ಟವರ್‌ನಲ್ಲಿರುವ ಶೆಡ್ಯೂಲರ್ ಎಂಬ ಹಂಚಿಕೆಯ ತಂತ್ರಾಂಶ ಪ್ರತಿ ಮಿಲಿಸೆಕೆಂಡಿಗೊಮ್ಮೆ ಯಾರಿಗೆ ಎಷ್ಟು ಪಾಲು ಎಂದು ನಿರ್ಧರಿಸುತ್ತದೆ. ಹಂಚಿಕೆಯ ಘಟಕ 180 ಕಿಲೋಹರ್ಟ್ಸ್ ಅಗಲದ ಒಂದು ತುಂಡು. 5 ಮೆಗಾಹರ್ಟ್ಸ್ ಕ್ಯಾರಿಯರ್‌ನಲ್ಲಿ ಅಂಥವು 25, 20 ಮೆಗಾಹರ್ಟ್ಸ್‌ನಲ್ಲಿ 100. ನಮ್ಮ ರೂಟರ್ ತನಗೆ ಸಿಗ್ನಲ್ ಎಷ್ಟು ಶುದ್ಧವಾಗಿ ಕೇಳಿಸುತ್ತಿದೆ ಎಂಬುದನ್ನು 0ಯಿಂದ 15ರವರೆಗಿನ ಒಂದು ಅಂಕಿಯಲ್ಲಿ ಆಗಾಗ ವರದಿ ಮಾಡುತ್ತದೆ, ಅಷ್ಟೆ. ಆ ವರದಿ, ಕಾದಿರುವ ದತ್ತಾಂಶ ಮತ್ತು ಉಳಿದ ಬಳಕೆದಾರರಿಗೆ ಈವರೆಗೆ ದೊರೆತ ಪಾಲು ಇವನ್ನೆಲ್ಲ ತೂಗಿ ನೋಡಿ ಶೆಡ್ಯೂಲರ್ ಹಂಚುತ್ತದೆ. ಒಂದು ಕ್ಯಾರಿಯರ್ ಮೇಲೆ ಟವರ್ ನಡೆಸುವ ಸಂಪರ್ಕಕ್ಕೆ ಸೆಲ್ ಎನ್ನುತ್ತಾರೆ; ನಮ್ಮ ರೂಟರ್ ಜೋಡಿಸುವ ಎರಡು ಸೆಲ್‌ಗಳಲ್ಲಿ ಒಂದು ಪ್ರಧಾನ, ಇನ್ನೊಂದು ಸಹಾಯಕ. ಹೆಚ್ಚು ದತ್ತಾಂಶ ಕಾದಿದ್ದಾಗ ಟವರ್ ಸಹಾಯಕ ಸೆಲ್ಲನ್ನು ಎಬ್ಬಿಸುತ್ತದೆ, ಕೆಲಸವಿಲ್ಲದಾಗ ಮಲಗಿಸುತ್ತದೆ.

ಈ ಕಾರಣದಿಂದ ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕಿನ ಪುಟ, ಅಡಿಕೆ ಧಾರಣೆ ನೋಡುವಂಥ ಸಣ್ಣ ಕೆಲಸಗಳಲ್ಲಿ ಹಳೆಯ ರೂಟರ್‌ಗೂ ಇದಕ್ಕೂ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ; ಸಹಾಯಕ ಸೆಲ್ ಏಳುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ. ವ್ಯತ್ಯಾಸ ತಿಳಿಯುವುದು ಸಂಜೆ ಏಳರ ನಂತರ. ಆಗ ಕಣಿವೆಯ ಫೋನುಗಳೆಲ್ಲ ಕೆಳಗಿನ ಆವರ್ತನದ ಕಿರಿದಾದ ಕ್ಯಾರಿಯರ್ ಮೇಲೆ ಬೀಳುತ್ತವೆ, ಏಕೆಂದರೆ ಗುಡ್ಡ ಮತ್ತು ಹಾಡ್ಯಗಳನ್ನು ದಾಟಿ ಮನೆಯೊಳಗೆ ಬರುವುದು ಅದೊಂದೇ. ಎತ್ತರದ ಕಂಬದ ಮೇಲಿರುವ ಈ ರೂಟರ್‌ಗೆ 1800 ಮೆಗಾಹರ್ಟ್ಸ್ ಕೂಡ ಕೇಳಿಸುವುದರಿಂದ ಶೆಡ್ಯೂಲರ್ ನಮ್ಮ ಹೊರೆಯನ್ನು ಅತ್ತ ಸರಿಸುತ್ತದೆ. ಬೆಂಗಳೂರಿನಲ್ಲಿರುವ ಮಗಳ ಜೊತೆಗಿನ ವೀಡಿಯೊ ಕರೆ ಈಗ ಮಧ್ಯದಲ್ಲಿ ಕಲ್ಲಾಗಿ ನಿಲ್ಲುವುದು ಅಪರೂಪ. ಗರಿಷ್ಠ ವೇಗಕ್ಕಿಂತ ಈ ಸ್ಥಿರತೆಗಾಗಿಯೇ ಕೊಟ್ಟ ಹಣ ಸಾರ್ಥಕವೆನ್ನಿಸಿದೆ.

ಮಾರುವವರು ಹೇಳುವ ಒಂದು ಮಾತನ್ನು ಮಾತ್ರ ನಂಬಬಾರದು. ಗುಡ್ಡದ ಈಚೆಯ ಟವರ್ ಒಂದು, ಆಚೆಯದು ಇನ್ನೊಂದು, ಎರಡನ್ನೂ ಸೇರಿಸಿ ಹಿಡಿಯುತ್ತದೆ ಎನ್ನುತ್ತಾರೆ. ಈ ಜೋಡಣೆ ನಡೆಯುವುದು ಒಂದೇ ಬೇಸ್ ಸ್ಟೇಷನ್ನಿನ, ಅಂದರೆ ಒಂದೇ ಟವರಿನ ರೇಡಿಯೊ ಕೇಂದ್ರದ ಸೆಲ್‌ಗಳ ನಡುವೆ. ಬೇರೆ ಬೇರೆ ಸ್ಟೇಷನ್ನುಗಳಿಂದ ಒಟ್ಟಿಗೆ ಪಡೆಯುವ ವ್ಯವಸ್ಥೆಯೇ ಬೇರೆ. ಅದು ಈ ರೂಟರ್‌ನಲ್ಲಿ ಇಲ್ಲ.

ವೇಗದ ಬ್ಯಾಂಡಿಗೇ, ಅಂದರೆ ಮೇಲಿನ ಆವರ್ತನಕ್ಕೇ ರೂಟರನ್ನು ಲಾಕ್ ಮಾಡಿ ಎಂಬ ಸಲಹೆಯೂ ಬಹಳ ಕೇಳಿಬರುತ್ತದೆ. ಹಾಗೆ ಮಾಡಿದರೆ ಮೊದಲನೆಯದಾಗಿ ಜೋಡಣೆಯೇ ತಪ್ಪಿಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ: ಟವರ್ ಹತ್ತಾರು ವ್ಯಾಟ್‌ಗಳಲ್ಲಿ ಕೂಗಬಲ್ಲದು, ನಮ್ಮ ರೂಟರ್ ಉತ್ತರಿಸುವುದು ಸುಮಾರು 0.2 ವ್ಯಾಟ್‌ನಲ್ಲಿ. ಎರಡೂ ಸೆಲ್‌ಗಳಿಂದ ಇಳಿದ ದತ್ತಾಂಶ ತಲುಪಿತೇ ಇಲ್ಲವೇ ಎಂಬ ಉತ್ತರವು ಪ್ರಧಾನ ಸೆಲ್ ಮೂಲಕವೇ ಮೇಲೆ ಹೋಗಬೇಕು. ಆದ್ದರಿಂದ ದೂರದ ಮನೆಗಳಿಗೆ ಕೆಳಗಿನ ಆವರ್ತನವೇ ಪ್ರಧಾನವಾಗಿರುವುದು ಹಿತ, ಮೇಲಿನದು ಇಳಿಕೆಗೆ ಕೈಜೋಡಿಸಲಿ. ಅಪ್‌ಲೋಡ್ ವಿಚಾರದಲ್ಲಿ ಹೆಚ್ಚೇನೂ ನಿರೀಕ್ಷಿಸಬಾರದು. ಕ್ಯಾಟಗರಿ 6ರಲ್ಲಿ ಮೇಲ್ಮುಖವಾಗಿ ಕಳಿಸುವ ದರ ಸುಮಾರು 50 ಎಂಬಿಪಿಎಸ್‌ಗೇ ಸೀಮಿತ, ನಮ್ಮಂಥ ಜಾಗದಲ್ಲಿ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ. ಎಲೆಚುಕ್ಕಿ ರೋಗ ತಗುಲಿದ ಸೋಗೆಯ ಫೋಟೊಗಳನ್ನು ಕಳಿಸುವುದು ಹಿಂದಿನಷ್ಟೇ ನಿಧಾನ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎನ್ನುವುದು ನಮ್ಮ ಕಡೆಯ ಸಾಮಾನ್ಯ ನಂಬಿಕೆ. ಈ ಆವರ್ತನಗಳನ್ನು ಮಳೆಹನಿ ಹೆಚ್ಚೇನೂ ತಡೆಯುವುದಿಲ್ಲ. ನೆನೆದ ಎಲೆಗಳು ತಡೆಯುತ್ತವೆ, ಅದೂ ಮೇಲಿನ ಬ್ಯಾಂಡನ್ನು ಹೆಚ್ಚು. ಆಷಾಢದಲ್ಲಿ ಹಸಿರು ಕವಿದು ಸದಾ ತೊಯ್ದಿರುವಾಗ ನಮ್ಮ ಸಹಾಯಕ ಸೆಲ್ ದಿನಗಟ್ಟಲೆ ಕಾಣಿಸದೆ ಹೋಗುವುದುಂಟು, ಪ್ರಧಾನ ಸೆಲ್ ಮಾತ್ರ ಉಳಿಯುತ್ತದೆ. ಟವರಿನಿಂದ ಟವರಿಗೆ ಮೈಕ್ರೋವೇವ್ ಸಂಪರ್ಕವಿದ್ದಲ್ಲಿ, ಅದರ ಆವರ್ತನ ಬಹಳ ಹೆಚ್ಚಿರುವುದರಿಂದ ಜಡಿಮಳೆ ಅದನ್ನೇ ಕುಗ್ಗಿಸಬಲ್ಲದು; ಆಗ ಎಷ್ಟು ಸೆಲ್ ಜೋಡಿಸಿದರೂ ಉಪಯೋಗವಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಹೇಳುವುದೇ ಬೇಡ.

ಯಂತ್ರದ ಗಟ್ಟಿತನದ ಬಗ್ಗೆ ದೂರಿಲ್ಲ, ನೀರು ಒಳಗಿಳಿದಿಲ್ಲ. ಕೇಬಲ್ ಮೂಲಕವೇ ವಿದ್ಯುತ್ ಹೋಗುವುದರಿಂದ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಕೇಬಲ್ ಕಳಚಿಡುವುದು ಕಡ್ಡಾಯ. ನನಗೆ ಬೇಸರ ತರಿಸಿರುವುದು ಅದರ ಸ್ಥಿತಿ ಪುಟ: ಅಲ್ಲಿ ಪ್ರಧಾನ ಸೆಲ್‌ನ ಅಂಕಿಗಳಷ್ಟೇ ಕಾಣುತ್ತವೆ. ಸಹಾಯಕ ಸೆಲ್ ಎಚ್ಚರವಾಗಿದೆಯೇ, ಯಾವ ಬ್ಯಾಂಡಿನದು ಎಂದು ತಿಳಿಯಲು ಮರೆಯಾಗಿರುವ ಪುಟವೊಂದನ್ನು ಹುಡುಕಬೇಕು. ಎರಡನೆಯ ಬ್ಯಾಂಡಿನ ಹೆಸರಿನಲ್ಲೇ ದುಪ್ಪಟ್ಟು ಬೆಲೆ ಪಡೆಯುವವರು ಅದನ್ನು ಮುಂದೆ ತೋರಿಸಬೇಕಿತ್ತು.

5ಜಿಯ 18ನೇ ಬಿಡುಗಡೆಯ (ರಿಲೀಸ್ 18) ಮಾನದಂಡದಲ್ಲಿ ಟವರ್ ಕಳಿಸುವ ಒಂದೇ ಆದೇಶದಿಂದ ನಾಲ್ಕು ಸೆಲ್‌ಗಳವರೆಗೆ ಹಂಚಿಕೆ ಹೇಳುವ ಕ್ರಮ ಬಂದಿದೆ. ಅದು ಈ ಯಂತ್ರಕ್ಕೆ ಸಾಫ್ಟ್‌ವೇರ್ ನವೀಕರಣದಿಂದ ಬರುವಂಥದ್ದಲ್ಲ, ಅದಕ್ಕಾಗಿ ಕಾಯುತ್ತ ಇದನ್ನು ಕೊಳ್ಳಬೇಡಿ. ಕೊಳ್ಳುವ ಮುನ್ನ ಒಂದು ಫೋನನ್ನು ಮಾಡಿನ ಎತ್ತರಕ್ಕೆ ಒಯ್ದು, ಸಿಗ್ನಲ್ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ 1800 ಅಥವಾ 2300 ಮೆಗಾಹರ್ಟ್ಸ್ ಸೆಲ್ ಕಾಣುತ್ತದೆಯೇ ನೋಡಿ. ಮಳೆಗಾಲದಲ್ಲೇ ನೋಡುವುದು ಉತ್ತಮ. ಅಲ್ಲಿಯೂ ಕಾಣದಿದ್ದರೆ ಕ್ಯಾಟಗರಿ 4 ರೂಟರ್ ಸಾಕು. ಉಳಿದ ಹಣವನ್ನು ಇನ್ನಷ್ಟು ಎತ್ತರದ ಕಂಬಕ್ಕೆ ಹಾಕಬಹುದು.