ಒಂದು ಸ್ಟಾರಿನಿಂದ ನಾಲ್ಕಕ್ಕೆ: ರೂಟರಿನ ಜಾಗ ಬದಲಿಸಿದ ಮೇಲೆ

ನಾಲ್ಕು ಆಂಟೆನಾ ಇರುವ ಈ ಡ್ಯುಯಲ್ ಬ್ಯಾಂಡ್ ವೈಫೈ ರೂಟರಿಗೆ ಮೊದಲ ವಾರವೇ ಒಂದು ಸ್ಟಾರ್ ಕೊಟ್ಟುಬಿಡೋಣ ಅಂತಿದ್ದೆ. ವಾಪಸ್ ಕಳಿಸಲು ಡಬ್ಬಿಯನ್ನೂ ಹುಡುಕಿ ಇಟ್ಟಿದ್ದೆ. ಪುಣ್ಯಕ್ಕೆ ಕಳಿಸಲಿಲ್ಲ.

ನಾನು ಹಿಂದಿನ ಕೋಣೆಯಲ್ಲಿ ಕೂತು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಲೆಕ್ಕದ ನಡುವೆ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಮಕ್ಕಳಿಗೆ ನಗು, ನನಗೆ ಕೋಪ. ರೂಟರ್ ಇದ್ದದ್ದು ಮುಂಬಾಗಿಲ ಪಕ್ಕ, ಟಿವಿಯ ಹಿಂದೆ. ಕೇಬಲ್ ಒಳಗೆ ಬರುವುದು ಅಲ್ಲಿಂದಲೇ, ಹಾಗಾಗಿ ಜೋಡಿಸಲು ಬಂದವರು ಅಲ್ಲೇ ಇಟ್ಟು ಹೋದರು. ಕಣ್ಣಿಗೆ ಬೀಳದಿದ್ದರೆ ಚೆಂದ ಅಂತ ನಾನೂ ಸುಮ್ನಿದ್ದೆ.

ಆಮೇಲೆ ಫೋನಿಗೆ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ನನ್ನ ಮೇಜಿನ ಹತ್ತಿರ ಮೈನಸ್ 82 ಡಿಬಿಎಂ (ಸಿಗ್ನಲ್ ಬಲದ ಅಳತೆ). ಇದರಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 80ರ ಕೆಳಗೆ ವಿಡಿಯೊ ಕರೆ ನಡೆಯುವುದು ಕಷ್ಟ. ದಾರಿಯಲ್ಲಿ ಏನೇನಿತ್ತು ನೋಡಿ: ಟಿವಿ, ಎರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಬೀರು. ಪಾಪ, ರೂಟರ್ ತಾನೇ ಏನು ಮಾಡೀತು?

ಹೊರಗಿನ ಕೇಬಲ್ ಬಂದು ಸೇರುವ ಮೋಡೆಮ್ ಅಲ್ಲೇ ಬಿಟ್ಟೆ. 10 ಮೀಟರ್ ಲ್ಯಾನ್ ಕೇಬಲ್ ಎಳೆದು ರೂಟರನ್ನು ಮನೆಯ ಮಧ್ಯದ ಪ್ಯಾಸೇಜಿನ ಗೋಡೆಗೆ, ನನ್ನ ತಲೆಗಿಂತ ಒಂದು ಗೇಣು ಮೇಲೆ ಹಾಕಿದೆ. ಅದೇ ಮೇಜು, ಅದೇ ಫೋನು: ಮೈನಸ್ 61!

ಆಂಟೆನಾ ವಿಷಯದಲ್ಲೂ ದಡ್ಡತನ ಮಾಡಿದ್ದೆ. ನಾಲ್ಕನ್ನೂ ಕೋಣೆಯ ಕಡೆ ಬಾಗಿಸಿ, ಬೆರಳು ಮಾಡಿ ತೋರಿಸುವ ಹಾಗೆ ಇಟ್ಟಿದ್ದೆ. ಸಿಗ್ನಲ್ ಕಡ್ಡಿಯ ತುದಿಯಿಂದ ಚಿಮ್ಮುವುದಿಲ್ಲ, ಅದರ ಸುತ್ತ ಹರಡುತ್ತದೆ. ನೆಟ್ಟಗೆ ನಿಲ್ಲಿಸಿದರೆ ಆ ಮಹಡಿಯ ಉದ್ದಗಲಕ್ಕೂ ಹೋಗುತ್ತದೆ. ಮೇಲಿನ ಮಹಡಿಗೂ ಬೇಕಾದವರು ಒಂದನ್ನು ಅಡ್ಡ ಮಲಗಿಸಿ ನೋಡಬಹುದು.

ಡ್ಯುಯಲ್ ಬ್ಯಾಂಡ್ ಅಂದರೆ 5 ಮತ್ತು 2.4 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿ. 5ರಲ್ಲಿ ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. 2.4 ನಿಧಾನ, ಆದರೆ ದೂರ ಹೋಗುತ್ತದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಈ 2.4ರ ಆಸುಪಾಸಿನಲ್ಲೇ. ಅದು ತಿರುಗುವಾಗ ಅದರ ಪಕ್ಕ ನಿಂತು 2.4ರ ವೈಫೈನಲ್ಲಿ ಕರೆ ಮಾಡಿ ಮಾತಾಡಿದರೆ ಮಾತು ತುಂಡಾಗುತ್ತದೆ. ಇನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವ ವೇಗ ಎರಡೂ ಬ್ಯಾಂಡ್ ಸೇರಿಸಿ ಬರೆದದ್ದು. ಒಂದು ಫೋನಿಗೆ ಅಷ್ಟು ಸಿಗುವುದಿಲ್ಲ. ಲೆಕ್ಕದ ಟೀಚರಿಗೇ ಇಂಥ ಕೂಡುವ ಲೆಕ್ಕ ತೋರಿಸುತ್ತಾರೆ, ಅಲ್ವಾ?

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ಅಡಾಪ್ಟರಿನ ವೈರ್ ತೀರಾ ಗಿಡ್ಡ. ಗೋಡೆಗೆ ನೇತುಹಾಕಲು ಹಿಂದೆ ತೂತು ಕೊಟ್ಟಿದ್ದಾರೆ, ಸ್ಕ್ರೂ ಕೊಟ್ಟಿಲ್ಲ. ಎಲ್ಲಿಡಬೇಕು ಅನ್ನುವುದಕ್ಕೆ ಪುಸ್ತಿಕೆಯಲ್ಲಿ ಇರುವುದು ಒಂದೇ ಸಾಲು. ಜೊತೆಗೆ ನಾಲ್ಕು ನೀಲಿ ದೀಪ. ಆರಿಸಲು ಬಟನ್ ಇಲ್ಲ. ರಾತ್ರಿ ಪ್ಯಾಸೇಜೆಲ್ಲ ನೀಲಿ ನೀಲಿ. ಸದ್ಯಕ್ಕೆ ದೀಪಗಳ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇನೆ, ಗಾಳಿ ಆಡುವ ತೂತುಗಳನ್ನು ಬಿಟ್ಟು.