ಕೊರಿಯಾದ ಶಾಲೆಯಲ್ಲಿ ಓವರ್‌ಟೈಮ್ ದುಡ್ಡು ಸಿಗಲಿಲ್ಲವಾ? ಕಾರ್ಮಿಕ ಇಲಾಖೆಯ ದೂರು ಸೇವೆ ಹೇಗಿದೆ ಅಂತ ಒಂದು ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಫೀಸಿಲ್ಲ, ವಕೀಲರು ಬೇಕಿಲ್ಲ, ಕೊನೆಗೆ ದುಡ್ಡು ಬಂತು. ಒಂದೂವರೆ ಸ್ಟಾರ್ ಯಾಕೆ ಕಡಿಮೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ರಿವ್ಯೂ ಮಾಡುತ್ತಿರುವುದು ದಕ್ಷಿಣ ಕೊರಿಯಾದ ಉದ್ಯೋಗ ಮತ್ತು ಕಾರ್ಮಿಕ ಸಚಿವಾಲಯದ ಸಂಬಳ ಬಾಕಿ ದೂರು ಸೇವೆಯನ್ನು. ಆನ್‌ಲೈನ್‌ನಲ್ಲಿ ಹಾಕಬಹುದು, ಜಿಲ್ಲಾ ಕಚೇರಿಗೆ ಹೋಗಿಯೂ ಕೊಡಬಹುದು. ಇದನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮವರೂ ಇಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾರೆ ಅಂತ ತುಂಬಾ ಜನರಿಗೆ ಗೊತ್ತೇ ಇಲ್ಲ. ಇ-2, ಅಂದರೆ ವಿದೇಶಿ ಭಾಷೆ ಕಲಿಸುವವರ ವೀಸಾ, ಇಂಗ್ಲಿಷ್‌ಗೆ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದವರಿಗೆ ಮಾತ್ರ. ಆದರೆ 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಸೆಪಾ (ಸಮಗ್ರ ಆರ್ಥಿಕ ಪಾಲುದಾರಿಕೆ) ಒಪ್ಪಂದದಿಂದ ನಮಗೂ ಒಂದು ಬಾಗಿಲು ತೆರೆಯಿತು. ಡಿಗ್ರಿ ಜೊತೆ ಶಿಕ್ಷಕರ ತರಬೇತಿ ಸರ್ಟಿಫಿಕೇಟ್ ಇದ್ದರೆ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ನಾನು ಬಂದಿದ್ದು ಆ ಬಾಗಿಲಿನಿಂದ.

ಈಗ ಜಗಳದ ವಿಷಯ. ನನ್ನ ಒಪ್ಪಂದದಲ್ಲಿ ಇದ್ದದ್ದು ಇಷ್ಟೇ: ದಿನಕ್ಕೆ 8 ಗಂಟೆ ಶಾಲೆಯಲ್ಲಿ ಇರಬೇಕು, ವಾರಕ್ಕೆ 22 ಪೀರಿಯಡ್ ಪಾಠ ಮಾಡಬೇಕು, ಅದಕ್ಕಿಂತ ಜಾಸ್ತಿ ಮಾಡಿದರೆ ಪ್ರತಿ ಪೀರಿಯಡ್‌ಗೆ 20,000 ವೊನ್. ಓದೋಕೆ ಸರಳ, ಅಲ್ವಾ? ಒಂದು ತಿಂಗಳಲ್ಲಿ ನಾನು ಮಾಡಿದ್ದು ಮೊದಲ ವಾರ 26, ಎರಡನೇ ವಾರ 26, ಮೂರನೇ ವಾರ 25. ನಾಲ್ಕನೇ ವಾರ ಪರೀಕ್ಷೆ, ಹಾಗಾಗಿ ಬರೀ 9. ಶಾಲೆಯ ಆಫೀಸಿನವರು ನಾಲ್ಕನ್ನೂ ಕೂಡಿಸಿದರು. ಮೊತ್ತ 86. ವಾರಕ್ಕೆ 22ರಂತೆ ನಾಲ್ಕು ವಾರಕ್ಕೆ 88. ‘ನೀವೇ ಎರಡು ಪೀರಿಯಡ್ ಬಾಕಿ ಇದ್ದೀರಿ ಟೀಚರ್’ ಅಂತ ನಗುತ್ತಾ ಹೇಳಿದರು. ವಾರದ ಲೆಕ್ಕದಲ್ಲಿ ನೋಡಿದರೆ 4, 4, 3, ಒಟ್ಟು 11 ಪೀರಿಯಡ್, 2,20,000 ವೊನ್. ಪರೀಕ್ಷೆ ವಾರ ನಾನೇನು ಮನೆಯಲ್ಲಿ ಮಲಗಿರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅದೇ ಮೇಜು, ಅದೇ ಕುರ್ಚಿ.

ಒಂದು ತಿಂಗಳಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಪ್ರತಿ ಸೆಮಿಸ್ಟರ್‌ನಲ್ಲೂ ಎರಡು ಸಲ ಪರೀಕ್ಷೆ ಬರುತ್ತದೆ, ಮಧ್ಯೆ ಕ್ರೀಡಾಕೂಟ, ಪ್ರವಾಸ, ಪ್ರತಿ ಸಲವೂ ಇದೇ ಆಟ. ಅದರ ಮೇಲೆ ಚಳಿಗಾಲದ ರಜೆಯ ಇಂಗ್ಲಿಷ್ ಕ್ಯಾಂಪ್. ಕ್ಯಾಂಪಿನ ಪೀರಿಯಡ್‌ಗಳು ಆ 22ರ ಒಳಗೋ ಹೊರಗೋ ಅಂತ ಕೇಳಿದಾಗೆಲ್ಲ ಉಪಪ್ರಾಂಶುಪಾಲರ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ದೂರು ಕೊಡುವ ಮೊದಲು ಒಂದು ವಿಷಯ ತಲೆಯಲ್ಲಿ ಸ್ಪಷ್ಟ ಇರಲಿ, ಇದರಲ್ಲೇ ಅರ್ಧ ಜನ ಎಡವುತ್ತಾರೆ. ಇಲ್ಲಿ ಓವರ್‌ಟೈಮ್ ಎರಡು ತರ. ಕಾನೂನಿನ ಓವರ್‌ಟೈಮ್ ಅಂದರೆ ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 40 ಗಂಟೆ ಮೀರಿದ ಕೆಲಸ, ಅದಕ್ಕೆ ಮಾಮೂಲಿ ಗಂಟೆ ಸಂಬಳದ ಒಂದೂವರೆ ಪಟ್ಟು ಕೊಡಬೇಕು. ಒಪ್ಪಂದದ ಓವರ್‌ಟೈಮ್ ಅಂದರೆ ನನ್ನ 22 ಪೀರಿಯಡ್ ತರದ್ದು. 26 ಪೀರಿಯಡ್ ಮಾಡಿದ ವಾರವೂ ನಾನು ಶಾಲೆಯಲ್ಲಿದ್ದದ್ದು 40 ಗಂಟೆಯೇ. ಹಾಗಾಗಿ ‘ಒಂದೂವರೆ ಪಟ್ಟು ಕೊಡಿ’ ಅಂತ ದೂರು ಬರೆದಿದ್ದರೆ ಅದು ನಿಲ್ಲುತ್ತಿರಲಿಲ್ಲ. ‘ಒಪ್ಪಿಕೊಂಡ ಸಂಬಳವನ್ನು ಪೂರ್ತಿ ಕೊಟ್ಟಿಲ್ಲ’ ಅಂತ ಬರೆದೆ. ಅದೂ ಸಂಬಳ ಬಾಕಿಯೇ.

‘ಸರ್ಕಾರಿ ಶಾಲೆಗೆಲ್ಲ ಕಾರ್ಮಿಕ ಕಾನೂನು ಅನ್ವಯಿಸಲ್ಲ’ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾರ್ಮಿಕ ಮಾನದಂಡ ಕಾಯ್ದೆಯ 12ನೇ ಕಲಂ ಸರ್ಕಾರ ಮತ್ತು ಸ್ಥಳೀಯ ಆಡಳಿತಗಳಿಗೂ ಅದು ಅನ್ವಯ ಅಂತಲೇ ಹೇಳುತ್ತದೆ.

ಇನ್ನು ಸೇವೆ. ಮೊದಲು 1350ಗೆ ಫೋನ್ ಮಾಡಿ ವಿಚಾರಿಸಬಹುದು, ಅದು ಕಾರ್ಮಿಕ ಸಚಿವಾಲಯದ ಸಹಾಯವಾಣಿ. ಕೊರಿಯನ್ ಬರದಿದ್ದರೆ 1345, ವಿದೇಶಿಯರ ಮಾಹಿತಿ ಕೇಂದ್ರ, ಅಲ್ಲಿ ಇಂಗ್ಲಿಷ್ ಸೇರಿ ಹಲವು ಭಾಷೆಯವರಿದ್ದಾರೆ. ಕನ್ನಡ ಇಲ್ಲ, ಅದನ್ನು ನಿರೀಕ್ಷಿಸುವವರೂ ಇಲ್ಲ ಬಿಡಿ. ದೂರಿನ ಫಾರ್ಮ್ ಕಷ್ಟದ್ದಲ್ಲ. ಯಾರ ಮೇಲೆ ದೂರು ಅನ್ನುವ ಜಾಗದಲ್ಲಿ ಮಾತ್ರ ಹುಷಾರಾಗಿರಿ. ಒಪ್ಪಂದಕ್ಕೆ ಸಹಿ ಹಾಕಿದವರು ಶಾಲೆಯ ಪ್ರಾಂಶುಪಾಲರೋ, ಶಿಕ್ಷಣ ಕಚೇರಿಯ ಮುಖ್ಯಸ್ಥರೋ ನೋಡಿಕೊಂಡು ಅದೇ ಹೆಸರು ಹಾಕಿ. ನಿಮಗೆ ದಿನಾ ಕಾಟ ಕೊಡುವ ಆಫೀಸಿನವರ ಹೆಸರು ಹಾಕಬೇಕು ಅಂತ ಕೈ ತುರಿಸುತ್ತದೆ, ಆದರೂ ಬೇಡ.

ಆಮೇಲೆ ಒಬ್ಬ ಇನ್‌ಸ್ಪೆಕ್ಟರ್‌ಗೆ ಕೇಸು ಹೋಗುತ್ತದೆ, ಕರೆ ಬರುತ್ತದೆ. ನನಗೆ ಸಿಕ್ಕವರು ಒಳ್ಳೆಯವರೇ, ಆದರೆ ಅವರ ಮೇಜಿನ ಮೇಲೆ ನನ್ನಂಥವರ ಫೈಲು ಎಷ್ಟಿತ್ತೋ. ನಾನು ಅನ್ಯಾಯದ ಕಥೆ ಶುರು ಮಾಡಿದ ತಕ್ಷಣ ಅವರ ಕಣ್ಣು ಗಡಿಯಾರದ ಕಡೆ ಹೋಯಿತು. ನಾನು ತಂದಿದ್ದ ವೇಳಾಪಟ್ಟಿ ತೆಗೆದೆ ನೋಡಿ, ಆಗ ಕುರ್ಚಿ ಮುಂದೆ ಎಳೆದುಕೊಂಡರು. ಪ್ರತಿ ವಾರದ ಪಟ್ಟಿ, ಬದಲಾದ ಪೀರಿಯಡ್‌ಗಳಿಗೆ ಬೇರೆ ಬಣ್ಣ, ಬದಲಾವಣೆ ಹೇಳಿದ ಕಾಕಾವೊಟಾಕ್ ಮೆಸೇಜಿನ ಪ್ರಿಂಟು ಅದರ ಹಿಂದೆಯೇ. ಕೆಂಪು ಪೆನ್ನು ಹಿಡಿದು ಒಂದೊಂದು ಚೌಕವನ್ನೂ ಎಣಿಸಿದರು. ಎರಡು ಕಡೆ ರಜಾದಿನ ಬಂದಿದ್ದನ್ನು ನೋಡಿ ಹೊಡೆದು ಹಾಕಿದರು, ಒಂದು ಕಡೆ ನಾನು ಬಿಟ್ಟಿದ್ದನ್ನು ಸೇರಿಸಿದರು ಕೂಡ. ಈ ಸೇವೆಯಲ್ಲಿ ನನಗೆ ಇಷ್ಟವಾದದ್ದು ಇದೇ. ಅವರು ನಿಮ್ಮ ಪರವೂ ಅಲ್ಲ, ಶಾಲೆಯ ಪರವೂ ಅಲ್ಲ, ಎಣಿಸೋಕೆ ಸಿಗುವುದನ್ನು ಎಣಿಸುತ್ತಾರೆ. ಕೈಯಲ್ಲಿ ಕಾಗದ ಇಲ್ಲದೆ ಹೋದರೆ ಎಣಿಸೋಕೆ ಏನೂ ಇರುವುದಿಲ್ಲ, ಅಷ್ಟೇ.

ಮಾತಿನಲ್ಲೇ ಎಲ್ಲಾ ನಡೆಸುವ ಶಾಲೆಯಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೀವೂ ಪಾಲ್ಗೊಂಡಿರುವ ಮಾತುಕತೆಯನ್ನು ರೆಕಾರ್ಡ್ ಮಾಡುವುದು ಕೊರಿಯಾದಲ್ಲಿ ಅಪರಾಧವಲ್ಲ. ಬೇರೆಯವರಿಬ್ಬರು ಮಾತಾಡುವುದನ್ನು ಕದ್ದು ಮಾಡಿದರೆ ಅಪರಾಧ.

ಇನ್ನು ಕಡಿತದ ಕಡೆ ಬರೋಣ. ಮೊದಲ ಅರ್ಧ ಸ್ಟಾರ್ ಭಾಷೆಗೆ. ಹೇಳಿಕೆಯನ್ನು ಕೊರಿಯನ್‌ನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಓದಿ ಸಹಿ ಹಾಕಿ ಅಂತ ಮುಂದಿಟ್ಟರು. ಪುಟ ಪುಟಕ್ಕೂ ಕೆಂಪು ಇಂಕಿನಲ್ಲಿ ಹೆಬ್ಬೆಟ್ಟು, ಎರಡು ಪುಟ ಕೂಡುವ ಜಾಗದಲ್ಲೂ ಹೆಬ್ಬೆಟ್ಟು. ಓದು ಬರಹ ಕಲಿಸೋಕೆ ಬಂದವಳು ಹೆಬ್ಬೆಟ್ಟು ಒತ್ತುತ್ತಾ ಕೂತಿದ್ದೆ. ಜೊತೆಗೆ ಕೊರಿಯನ್ ಬಲ್ಲ ಗೆಳತಿ ಇದ್ದಳು, ಇಲ್ಲದಿದ್ದರೆ ಒಂದು ಕಡೆ ‘ವಾರಕ್ಕೆ’ ಬದಲು ‘ತಿಂಗಳಿಗೆ’ ಅಂತ ಬಿದ್ದಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಇಡೀ ಜಗಳವೇ ಆ ಪದದ ಮೇಲೆ ನಿಂತಿತ್ತು! ದುಭಾಷಿ ಬೇಕು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ, ಇಲ್ಲವೇ ನಿಮ್ಮವರನ್ನು ಕರೆದುಕೊಂಡು ಹೋಗಿ.

ಇನ್ನರ್ಧ ಸ್ಟಾರ್ ರಾಜಿಯ ಒತ್ತಡಕ್ಕೆ. ದೂರನ್ನು 25 ದಿನದಲ್ಲಿ ಮುಗಿಸಬೇಕು ಅನ್ನುತ್ತದೆ ನಿಯಮ, ವಿಸ್ತರಿಸೋಕೂ ಅವಕಾಶ ಇದೆ, ನನ್ನದು ವಿಸ್ತರಣೆಗೆ ಹೋಯಿತು. ಆ ಮಧ್ಯೆ ಶಾಲೆಯವರು ಅರ್ಧ ಕೊಡುತ್ತೇವೆ, ದೂರು ವಾಪಸ್ ತಗೊಳ್ಳಿ ಅಂದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಇನ್‌ಸ್ಪೆಕ್ಟರ್ ಕೂಡ ‘ಯೋಚನೆ ಮಾಡಿ, ಬೇಗ ಮುಗಿಯುತ್ತದೆ’ ಅಂದರು. ಅವರ ಮಟ್ಟಿಗೆ ಅದು ನಿಜವೇ.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಸಂಬಳ ಕೊಡದಿರುವುದು ಕೊರಿಯಾದಲ್ಲಿ ಕ್ರಿಮಿನಲ್ ಅಪರಾಧ, 3 ವರ್ಷದವರೆಗೆ ಜೈಲು ಅಥವಾ 3 ಕೋಟಿ ವೊನ್‌ವರೆಗೆ ದಂಡ. ಆದರೆ ಸಾಮಾನ್ಯವಾಗಿ, ದುಡ್ಡು ಕಳೆದುಕೊಂಡವರು ‘ನನಗೆ ಇವರಿಗೆ ಶಿಕ್ಷೆಯಾಗುವುದು ಬೇಡ’ ಅಂತ ಬರೆದುಕೊಟ್ಟರೆ ಆ ಕೇಸು ಅಲ್ಲಿಗೇ ಮುಗಿಯಿತು. ಅದೇ ವಿಷಯಕ್ಕೆ ಮತ್ತೆ ಶಿಕ್ಷೆ ಕೇಳೋಕೆ ಬರುವುದಿಲ್ಲ. ಶಾಲೆಯವರಾಗಲಿ, ಬೇರೆ ಮಾಲೀಕರಾಗಲಿ ಹೆದರುವುದು ಅದೊಂದಕ್ಕೇ, ಹಾಗಾಗಿ ಅವರಿಗೆ ಬೇಕಾಗಿರುವುದೂ ಆ ಒಂದು ಕಾಗದವೇ. ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಸಹಿ ಹಾಕಿ. ‘ಸೋಮವಾರ ಹಾಕುತ್ತೇವೆ, ಇವತ್ತು ಸಹಿ ಮಾಡಿ’ ಅಂದರೆ ನೀವೂ ಸೋಮವಾರವೇ ಸಹಿ ಮಾಡಿ. ನಾನು ಹಾಗೇ ಅಂದೆ. ಮುಖ ದಪ್ಪ ಮಾಡಿಕೊಂಡರು, ಪೂರ್ತಿ ದುಡ್ಡು ಹಾಕಿದರು.

ಹಾಗ್ವೊನ್‌ನಲ್ಲಿ, ಅಂದರೆ ಖಾಸಗಿ ಟ್ಯೂಷನ್ ಸಂಸ್ಥೆಯಲ್ಲಿ, ಇರುವವರ ಕಥೆ ಇನ್ನೂ ಜಟಿಲ. ನಮ್ಮ ಸೆಪಾ ವೀಸಾದವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ, ಆದರೆ ಬೇರೆ ಪಾಸ್‌ಪೋರ್ಟ್ ಇರುವ ಕನ್ನಡಿಗರೂ ಇದನ್ನು ಓದಬಹುದು ಅಂತ ಹೇಳುತ್ತಿದ್ದೇನೆ. ದಕ್ಷಿಣ ಆಫ್ರಿಕಾದ ಒಬ್ಬ ಗೆಳತಿಯ ಒಪ್ಪಂದದಲ್ಲಿ ವಾರಕ್ಕೆ 30 ಗಂಟೆ ಪಾಠ ಅಂತಿತ್ತು. 30 ಕ್ಲಾಸು ಅಂದುಕೊಂಡಿದ್ದಳು ಪಾಪ. ಅವರ ಲೆಕ್ಕ 1,800 ನಿಮಿಷ. ಕ್ಲಾಸು 40 ನಿಮಿಷದ್ದು, ಅಂದರೆ 45 ಕ್ಲಾಸು ಮುಗಿಯುವವರೆಗೆ ಓವರ್‌ಟೈಮ್ ಮಾತೇ ಇಲ್ಲ. ಎರಡು ಕ್ಲಾಸಿನ ನಡುವಿನ ಹತ್ತು ನಿಮಿಷ ಮಕ್ಕಳನ್ನು ನೋಡಿಕೊಳ್ಳುವುದೂ ಅವಳೇ, ಅದು ಯಾವ ಲೆಕ್ಕಕ್ಕೂ ಇಲ್ಲ. ಆದರೆ ಕಾನೂನಿನ ಪ್ರಕಾರ ಮಾಲೀಕರ ಹತೋಟಿಯಲ್ಲಿ ಕಾಯುವ ಹೊತ್ತೂ ಕೆಲಸದ ಹೊತ್ತೇ. ಅವಳ ಕೇಸಿನಲ್ಲಿ ಪಾಠದ ನಿಮಿಷ ಬಿಟ್ಟು, ಬಾಗಿಲು ತೆರೆದು ಒಳಗೆ ಹೋದ ಸಮಯದಿಂದ ಹೊರಗೆ ಬಂದ ಸಮಯದವರೆಗೆ ಲೆಕ್ಕ ಹಾಕಿದ ಮೇಲೆಯೇ 40 ಗಂಟೆ ದಾಟಿದ್ದು ಗೊತ್ತಾಯಿತು.

ದರದ ಲೆಕ್ಕವೂ ನೋಡಿಕೊಳ್ಳಿ. ತಿಂಗಳ ಮಾಮೂಲಿ ಸಂಬಳವನ್ನು 209ರಿಂದ ಭಾಗಿಸಬೇಕು. ವಾರದ 40 ಗಂಟೆ ಜೊತೆ ಸಂಬಳ ಸಹಿತ ರಜೆಯ 8 ಗಂಟೆ ಸೇರಿಸಿದರೆ ತಿಂಗಳಿಗೆ ಬರುವ ಗಂಟೆ ಅದು. 23 ಲಕ್ಷ ವೊನ್ ಸಂಬಳ ಇದ್ದರೆ ಗಂಟೆಗೆ ಸುಮಾರು 11,000, ಒಂದೂವರೆ ಪಟ್ಟು ಅಂದರೆ 16,500. ಒಪ್ಪಂದದಲ್ಲಿ ಓವರ್‌ಟೈಮ್‌ಗೆ 15,000 ಅಂತ ಬರೆದಿದ್ದರೆ, ನೀವು ಸಹಿ ಹಾಕಿದ್ದರೂ ಕಾನೂನಿಗಿಂತ ಕಡಿಮೆ ಇರುವ ಆ ಷರತ್ತು ನಿಲ್ಲುವುದಿಲ್ಲ. ಸಂಬಳದಲ್ಲಿ ಬೇರೆ ಭತ್ಯೆಗಳಿದ್ದರೆ ಅವೂ ಮಾಮೂಲಿ ಸಂಬಳಕ್ಕೆ ಸೇರುತ್ತವಾ ಅಂತ ಕೇಳಿ. 2024ರ ಡಿಸೆಂಬರ್‌ನಲ್ಲಿ ಕೊರಿಯಾದ ಸುಪ್ರೀಂ ಕೋರ್ಟ್ ಇದರ ವ್ಯಾಖ್ಯೆಯನ್ನು ಸಡಿಲ ಮಾಡಿದೆ, ಮೊದಲು ಸೇರದಿದ್ದ ಕೆಲವು ಈಗ ಸೇರುತ್ತವೆ.

ಐದು ಜನಕ್ಕಿಂತ ಕಡಿಮೆ ಕೆಲಸದವರಿರುವ ಕಡೆ ಮಾತ್ರ ಈ ಒಂದೂವರೆ ಪಟ್ಟಿನ ನಿಯಮ ಇಲ್ಲ. ಹಾಗಾಗಿ ಗೆಳತಿಯ ಮಾಲೀಕರಿಗೆ ಇದ್ದಕ್ಕಿದ್ದ ಹಾಗೆ ‘ನಮ್ಮಲ್ಲಿ ಇರುವುದು ನಾಲ್ಕೇ ಜನ, ಉಳಿದವರು ಸ್ವತಂತ್ರ ಗುತ್ತಿಗೆದಾರರು’ ಅಂತ ನೆನಪಾಯಿತು. 3.3 ಶೇಕಡಾ ತೆರಿಗೆ ಮುರಿದು ಸಂಬಳ ಕೊಡುವುದು ಈ ಆಟದ ಗುರುತು. ಹೆಸರು ಏನಿಟ್ಟರೂ, ಸಮಯ, ಜಾಗ, ಪುಸ್ತಕ ಎಲ್ಲಾ ಅವರೇ ಹೇಳುವುದಾದರೆ ನೀವು ಕೆಲಸಗಾರರೇ. 2015ರಲ್ಲಿ ಸುಪ್ರೀಂ ಕೋರ್ಟ್ ಹಾಗ್ವೊನ್‌ನ ವಿದೇಶಿ ಶಿಕ್ಷಕರ ವಿಷಯದಲ್ಲಿ ಇದನ್ನು ಒಪ್ಪಿದೆ. ಅದು ಇರಲಿ, ಐದಕ್ಕಿಂತ ಕಡಿಮೆ ಇದ್ದರೂ ಮಾಡಿದ ಗಂಟೆಯ ಮೂಲ ಕೂಲಿ ಕೊಡಲೇಬೇಕು. ಸುಮ್ನೆ ಬಿಟ್ಟುಬಿಡಬೇಡಿ.

ಮಾಲೀಕರು ಕೊಡೋಕಾಗಲ್ಲ ಅಂತ ಕೈ ಎತ್ತಿದರೆ? ಇನ್‌ಸ್ಪೆಕ್ಟರ್ ಹತ್ತಿರ ಬಾಕಿ ದೃಢೀಕರಣ ಪತ್ರ ತಗೊಳ್ಳಿ. ಅದನ್ನು ಹಿಡಿದು ಸರ್ಕಾರದ ನಿಧಿಯಿಂದ ಬದಲಿ ಪಾವತಿ ಕೇಳಬಹುದು. ಕೊನೆಯ 3 ತಿಂಗಳ ಸಂಬಳಕ್ಕೆ 70 ಲಕ್ಷ, ನಿವೃತ್ತಿ ಭತ್ಯೆಗೆ (ಕೆಲಸ ಬಿಡುವಾಗ ಸಿಗಬೇಕಾದ ದುಡ್ಡು) 70 ಲಕ್ಷ, ಎರಡೂ ಸೇರಿ ಜಾಸ್ತಿ ಅಂದರೆ 1 ಕೋಟಿ ವೊನ್. ಕೋರ್ಟಿಗೆ ಹೋಗಬೇಕಾದರೆ 132ಕ್ಕೆ ಕರೆ ಮಾಡಿ, ತಿಂಗಳ ಸರಾಸರಿ ಸಂಬಳ 40 ಲಕ್ಷ ವೊನ್‌ಗಿಂತ ಕಡಿಮೆ ಇರುವವರಿಗೆ ಸಂಬಳ ಬಾಕಿ ಕೇಸಿನಲ್ಲಿ ಕಾನೂನು ನೆರವು ನಿಗಮ ಪುಕ್ಕಟೆ ಸಹಾಯ ಮಾಡುತ್ತದೆ. ನಮ್ಮಲ್ಲಿ ಬಹುತೇಕರು ಆ ಮಿತಿಯ ಒಳಗೇ ಇದ್ದೇವೆ. ನೋಮುಸಾ ಅನ್ನುವ ಕಾರ್ಮಿಕ ಕಾನೂನು ತಜ್ಞರೂ ಸಿಗುತ್ತಾರೆ, ಆದರೆ ಎರಡು ಮೂರು ಲಕ್ಷ ವೊನ್ ಬಾಕಿಗೆ ಅವರನ್ನು ಹಿಡಿಯುವುದು ದಂಡ. ನಿವೃತ್ತಿ ಭತ್ಯೆ, ಗುತ್ತಿಗೆದಾರ ಅನ್ನುವ ತಕರಾರು ಇದ್ದರೆ ಮಾತ್ರ ಯೋಚಿಸಿ. ಬಾಕಿ ಕೇಳೋಕೆ 3 ವರ್ಷ ಸಮಯ ಇದೆ, ಅಷ್ಟರೊಳಗೆ ಕೆಲಸ ಬಿಟ್ಟಿದ್ದರೂ ಕೇಳಬಹುದು.

ಉಳಿದ ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಕಚೇರಿಯ ತಪ್ಪಿಗಲ್ಲ, ಅದರ ಕೈಗೆ ಸಿಗದ ಜಾಗಕ್ಕೆ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ತೊಂದರೆ ಕೊಡುವ ಹಾಗಿಲ್ಲ ಅಂತ ಕಾರ್ಮಿಕ ಮಾನದಂಡ ಕಾಯ್ದೆಯ 104ನೇ ಕಲಂ ಹೇಳುತ್ತದೆ. ಸರಿ. ಆದರೆ ನಮ್ಮ ಒಪ್ಪಂದ ಒಂದು ವರ್ಷದ್ದು, ವೀಸಾ ನಿಂತಿರುವುದು ಆ ಕೆಲಸದ ಮೇಲೆ. ಮುಂದಿನ ವರ್ಷಕ್ಕೆ ನವೀಕರಿಸದಿದ್ದರೆ ದೂರಿನ ಸೇಡು ಅಂತ ಹೇಗೆ ತೋರಿಸುತ್ತೀರಿ? ‘ಮಕ್ಕಳ ಸಂಖ್ಯೆ ಕಡಿಮೆಯಾಗಿದೆ’ ಅನ್ನುತ್ತಾರೆ, ಕೊರಿಯಾದಲ್ಲಿ ಅದು ಸುಳ್ಳೂ ಅಲ್ಲ. ಮಧ್ಯದಲ್ಲಿ ಬೇರೆ ಕಡೆ ಹೋಗಬೇಕಾದರೆ ಹಳೆಯ ಮಾಲೀಕರ ಬಿಡುಗಡೆ ಪತ್ರ ಬೇಕು, ಅದನ್ನು ಕೊಡಿಸೋಕೆ ಇನ್‌ಸ್ಪೆಕ್ಟರ್‌ಗೆ ಅಧಿಕಾರ ಇಲ್ಲ. ನನ್ನ ಶಾಲೆ ನವೀಕರಿಸಲಿಲ್ಲ. ನಾನು ಈಗ ಇನ್ನೊಂದು ಪ್ರಾಂತ್ಯದಲ್ಲಿದ್ದೇನೆ, ಸಹಿ ಹಾಕುವ ಮೊದಲು ಓವರ್‌ಟೈಮ್ ಷರತ್ತಿನಲ್ಲಿ ‘ವಾರದ ಲೆಕ್ಕದಲ್ಲಿ, ಬೇರೆ ವಾರಕ್ಕೆ ಸರಿದೂಗಿಸದೆ’ ಅಂತ ಬರೆಸಿಕೊಂಡೆ. ಇಲ್ಲಿನ ಆಫೀಸಿನವರು ಅದನ್ನು ಓದಿ, ಹಳೆ ಶಾಲೆಯಲ್ಲಿ ಏನಾಗಿತ್ತು ಅಂತ ಕೇಳಿದರು. ಹೇಳಲಿಲ್ಲ.